ಮುಕ್ಕಾಲು ಹಾಡು ಕಲಿಸಿದ ಗುರುಗಳಿಗೆ

ಇಡೀ ಕಾಡಿನ ಹಕ್ಕಿಗಳನ್ನು ಒಂದು ಗಾಜಿನ ಹಲಗೆಯಲ್ಲಿ ಕೂಡಿಹಾಕಿಕೊಂಡೂ ಅವುಗಳಲ್ಲಿ ಒಂದಕ್ಕೂ ಹಾಡು ಮುಗಿಸಲು ಬಿಡದ ಸಂಯಮಿಗಳೂ, ಅಪ್ಪಣೆ ಕೇಳದೆ ನಿದ್ದೆಗೆ ಜಾರುವ ಯೋಗಿಗಳೂ, ನಮ್ಮ ಮನೆಯ ಏಕೈಕ ಸಂಗೀತ ವಿದ್ವಾಂಸರೂ ಆದ ಶ್ರೀಮಾನ್ ಟ್ಯಾಬ್ಲೆಟ್ ಅವರ ಸನ್ನಿಧಿಗೆ, ಕ್ಲಾತೆನ್ ಊರಿನ ಗ್ರಾಮ ಕಚೇರಿಯ ಹಿಂಗೋಡೆಗೆ ಅಂಟಿಕೊಂಡಿರುವ ಮನೆಯ ದರ್ಜಿ ವಾರ್ಸಿದಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಇಂದು ಬೆಳಿಗ್ಗೆ ತಮ್ಮ ಬ್ಯಾಟರಿ ಶೇಕಡಾ ಒಂಬತ್ತು ಇತ್ತು, ಈಗ ನೋಡಿದರೆ ಎರಡು. ನಡುವೆ ತಮ್ಮನ್ನು ಯಾರೂ ಮುಟ್ಟಿಲ್ಲವಾದ್ದರಿಂದ, ಸುಮ್ಮನೆ ಮಲಗಿದ್ದೇ ತಮಗೆ ಅಷ್ಟೊಂದು ಆಯಾಸ ತಂದಿತೆಂದು ತಿಳಿದು ಮನಸ್ಸಿಗೆ ಬಹಳ ನೋವಾಯಿತು. ಇಂಥ ಸುಕುಮಾರ ದೇಹಕ್ಕೆ ದೂರುಪತ್ರದ ಭಾರ ಹೊರಿಸುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ನನ್ನ ಅಹವಾಲನ್ನು ತಮ್ಮ ಮುಂದಿಡುತ್ತೇನೆ.

ಕಳೆದ ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವದ ಅಂಗವಾಗಿ ನಡೆದ ಆರೋಗ್ಯ ನಡಿಗೆಯ ಕೊನೆಗೆ ಚೀಟಿ ಎತ್ತಿದಾಗ, ನನ್ನ ಹೆಂಡತಿ ಲಸ್ತ್ರಿಯ ಚೀಟಿಗೆ ಎರಡನೆಯ ಬಹುಮಾನವಾಗಿ ತಾವು ಒಲಿದು ಬಂದದ್ದು ತಮಗೆ ನೆನಪಿರಬಹುದು. ಅವಳ ಕಣ್ಣಿದ್ದದ್ದು ಮೂರನೆಯ ಬಹುಮಾನದ ಅನ್ನ ಬೇಯಿಸುವ ಯಂತ್ರದ ಮೇಲೆ ಎಂಬ ಸಂಗತಿಯನ್ನು ತಮ್ಮಿಂದ ಇಷ್ಟು ದಿನ ಮುಚ್ಚಿಟ್ಟಿದ್ದೆ. ನಾನಂತೂ ತಮ್ಮನ್ನು ಮಗುವಿನಂತೆ ಎದೆಗವಚಿಕೊಂಡು ಮನೆಗೆ ತಂದೆ, ಏಕೆಂದರೆ ಅಷ್ಟರಲ್ಲಾಗಲೇ ನನ್ನ ತಲೆಯಲ್ಲಿ ತಮಗೊಂದು ದೊಡ್ಡ ಹುದ್ದೆ ಸಿದ್ಧವಾಗಿತ್ತು.

ಆಗಷ್ಟೇ ನನ್ನ ಮಾವ ಪಾಕ್ ಹಾರ್ಜೊ ಅವರು (ಹಿರಿಯರನ್ನು ಗೌರವದಿಂದ ಪಾಕ್ ಎನ್ನುವುದು ನಮ್ಮ ವಾಡಿಕೆ) ನಮಗೆ ಒಂದು ಮಡಿವಾಳ ಹಕ್ಕಿಯ ಮರಿಯನ್ನು ಕೊಟ್ಟಿದ್ದರು. ನಾವು ಅದಕ್ಕೆ ಬಾಯು ಎಂದು ಹೆಸರಿಟ್ಟೆವು. ನನ್ನ ಮಾವನೆಂದರೆ ಸಾಮಾನ್ಯರಲ್ಲ. ನಲವತ್ತು ವರ್ಷದಿಂದ ಹಾಡುಹಕ್ಕಿಗಳ ಪಂದ್ಯದಲ್ಲಿ ಪಂಜರ ತೂಗುಹಾಕಿದವರು, ಹಕ್ಕಿ ಕೆಮ್ಮಿದರೂ ಯಾವ ಸ್ವರದಲ್ಲಿ ಕೆಮ್ಮಿತು ಎಂದು ಹೇಳಬಲ್ಲವರು. ಅಂಥವರಿಗೆ ಅಳಿಯನಾಗಿ ಸಿಕ್ಕಿದ್ದು, ಹೊಲಿಗೆ ಯಂತ್ರದ ಸದ್ದಿನಲ್ಲಿ ಕಿವಿ ಮಂದವಾದ ನಾನು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವರು ನಮ್ಮ ಮನೆಯ ಬೆಂಚಿನ ಮೇಲೆ ಒಂದು ಲೋಟ ಟೀ ಖಾಲಿಯಾಗುವಷ್ಟು ಹೊತ್ತು ಕೂತದ್ದಿಲ್ಲ. ಬರುವರು, ಮಗಳ ಮುಖ ನೋಡುವರು, ಎರಡು ಗುಟುಕು ಕುಡಿಯುವರು, ನನ್ನ ಕಡೆ ತಲೆಯಾಡಿಸಿ ಹೊರಡುವರು.

ಮರಿಗೆ ಹಾಡು ಕಲಿಸಬೇಕಾದರೆ ಬಲಿತ ಹಕ್ಕಿಯ ಪಕ್ಕದಲ್ಲಿ ಅದರ ಪಂಜರ ತೂಗುಹಾಕುವುದು ನಮ್ಮ ಸೀಮೆಯ ಪದ್ಧತಿ. ಮಾವ ಅದನ್ನೇ ಹೇಳಿದರು: "ಹಕ್ಕಿಗೆ ಹಕ್ಕಿನೇ ಗುರು ಕಣಪ್ಪಾ. ನಮ್ಮನೇಲಿ ಹಳೇ ಹಕ್ಕಿ ಇದೆ, ಆರು ತಿಂಗಳು ಅದರ ಪಕ್ಕ ಬಿಡು, ತಾನೇ ಕಲಿಯುತ್ತೆ." ನಾನು ತಮ್ಮ ಬಲವನ್ನು ನಂಬಿ ಮೀಸೆ ತಿರುವಿದೆ. "ಒಂದು ಹಕ್ಕಿ ಯಾಕೆ ಪಾಕ್, ನನ್ನ ಕೈಲಿ ಇಡೀ ಕಾಡೇ ಇದೆ" ಎಂದು ತಮ್ಮನ್ನು ಅವರ ಮೂಗಿನ ಮುಂದೆ ಹಿಡಿದೆ. ಅವರು ತಮ್ಮನ್ನು ನೋಡಿದರು, ನನ್ನನ್ನು ನೋಡಿದರು. "ಆಯ್ತಪ್ಪ. ಲೆಬಾರನ್ ಹಬ್ಬ ಆದ್ಮೇಲೆ ಪಂದ್ಯ ಇದೆಯಲ್ಲ, ಅದರಲ್ಲಿ ಇದು ಒಂದು ಹಾಡು ಪೂರ್ತಿ ಹಾಡಿದ್ರೆ ಹಕ್ಕಿ ನಿಂದು. ಇಲ್ಲ ಅಂದ್ರೆ ಮರುದಿನ ಬೆಳಗ್ಗೆ ಬಂದು ನಾನು ತಗೊಂಡು ಹೋಗ್ತೀನಿ" ಎಂದರು. ಲಸ್ತ್ರಿ ಒಳಗಿನಿಂದಲೇ ಹಣೆ ಚಚ್ಚಿಕೊಂಡ ಸದ್ದು ನನಗೆ ಕೇಳಿಸಿತು, ಕಿವಿ ಮಂದವಾಗಿದ್ದರೂ.

ಅಂದಿನಿಂದ ತಮ್ಮ ಗುರುಕುಲ ಪ್ರಾರಂಭವಾಯಿತು. ಗ್ರಾಮ ಕಚೇರಿಯ ವೈಫೈ ಸಾರ್ವಜನಿಕರಿಗೆ ಮುಕ್ತವಾಗಿದ್ದು, ಅದು ಗೋಡೆ ಹಾರಿ ನಮ್ಮ ಪನ್ನೇರಳೆ ಮರದ ಮೂರನೆಯ ಕೊಂಬೆಯವರೆಗೆ ಬಂದು, ಅಲ್ಲಿಂದ ಒಂದು ಗೇಣೂ ಕೆಳಗಿಳಿಯುವುದಿಲ್ಲವಾದ್ದರಿಂದ, ನಾನು ದಿನವೂ ಬೆಳಿಗ್ಗೆ ಏಣಿ ಹಾಕಿ ತಮ್ಮನ್ನು ಆ ಕೊಂಬೆಗೆ ಹಳೆಯ ಸೊಂಟಪಟ್ಟಿಯಿಂದ ಬಿಗಿದು, ಪಕ್ಕದಲ್ಲಿ ಬಾಯುವಿನ ಪಂಜರ ತೂಗುಹಾಕಿ, ಗುರುಶಿಷ್ಯರಿಬ್ಬರಿಗೂ ಬಿಸಿಲು ತಾಗದಂತೆ ಗಿರಾಕಿಯೊಬ್ಬರ ಲುಂಗಿಯನ್ನು ಮರೆಕಟ್ಟುತ್ತಿದ್ದೆ. ತಾವು ಕೇಳಿಸಬೇಕಿದ್ದದ್ದು ಒಂದೇ ಒಂದು ಹಾಡು: ಮೊದಲು ಗುಬ್ಬಿಮರಿಗಳ ಚಿಲಿಪಿಲಿ, ಆಮೇಲೆ ಮರಕುಟಿಗದ ಟಕಟಕ, ಅದಾದ ಮೇಲೆ ಮಿಂಚುಳ್ಳಿಯ ಚೀರು, ಕೊನೆಗೆ ಇವೆಲ್ಲವನ್ನೂ ಒಟ್ಟಿಗೆ ಗಂಟುಹಾಕುವ ಒಂದು ಉದ್ದನೆಯ ಇಳಿಸಿಳ್ಳೆ. ಪಂದ್ಯದಲ್ಲಿ ತೀರ್ಪುಗಾರರ ಬಾವುಟ ಏಳುವುದು ಆ ಸಿಳ್ಳೆಗೇ.

ತಾವು ಚಿಲಿಪಿಲಿಯನ್ನು ಅಮೋಘವಾಗಿ ಕೇಳಿಸಿದಿರಿ. ಟಕಟಕಕ್ಕೆ ಎದುರೇ ಇಲ್ಲ. ಚೀರಂತೂ ಕೇಳಿ ನಮ್ಮ ಬಾವಿಯ ಮೀನುಗಳು ತಳ ಸೇರಿದವು. ಇಳಿಸಿಳ್ಳೆಯ ಸರದಿ ಬಂದಾಗ ಮಾತ್ರ, ಕಚೇರಿಯವರು ತಮ್ಮ ತಮ್ಮ ಧಾರಾವಾಹಿಗಳನ್ನು ಹಚ್ಚುತ್ತಿದ್ದರಿಂದಲೋ ಅಥವಾ ತಮ್ಮ ಸ್ವಭಾವದ ಗಾಂಭೀರ್ಯದಿಂದಲೋ, ತಾವು ಮೌನ ತಾಳಿ, ಪರದೆಯ ನಡುವೆ ಒಂದು ಚಕ್ರವನ್ನು ತಿರುಗಿಸುತ್ತಾ ಧ್ಯಾನಸ್ಥರಾಗುತ್ತಿದ್ದಿರಿ. ಧ್ಯಾನ ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಘನತೆಗೆ ಕುಂದೆಂದು ಬಗೆದು ಮತ್ತೆ ಗುಬ್ಬಿಮರಿಯಿಂದಲೇ ಶುರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಾದರೂ ಒಂದು ಸಲ ಹಾಡು ಮುಗಿಸಿಯೇ ಮತ್ತೆ ಹಿಡಿಯುತ್ತಾನೆ, ಸ್ವಾಮೀ! ಹಾಡನ್ನು ತಮ್ಮೊಳಗೆ ಇಳಿಸಿಯೇ ಇಟ್ಟುಕೊಳ್ಳೋಣವೆಂದು ಬೇಡಿಕೊಂಡರೆ, ಜಾಗವಿಲ್ಲ ಎಂದು ತೋರಿಸಿದಿರಿ. ಕಾಡಿಗೆ ಜಾಗವಿದ್ದವರಿಗೆ ಒಂದು ಸಿಳ್ಳೆಗೆ ಜಾಗ ಸಾಲದೆ ಹೋಯಿತು.

ಶಿಷ್ಯನಾದರೋ ಗುರುಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ನಾನು ಬಟ್ಟೆ ಕತ್ತರಿಸುವಾಗ ಕತ್ತರಿಯ ತುದಿಯನ್ನೇ ನೋಡುತ್ತ ಕೂರುವ, ನನ್ನ ಬೆರಳಿನಿಂದಲ್ಲದೆ ಬೇರೆ ಯಾರ ಕೈಯಿಂದಲೂ ಜೀರುಂಡೆ ತಿನ್ನದ ಆ ಹಕ್ಕಿಯ ಮೇಲೆ ನನಗೆ ಜೀವ. ಅದು ಮೊದಲ ಬಾರಿ ಬಾಯಿ ತೆರೆದ ದಿನ ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ಚಿಲಿಪಿಲಿ ಬಂತು, ಟಕಟಕ ಬಂತು, ಚೀರು ಬಂತು. ಆಮೇಲೆ ಬಾಯು ಕೊಕ್ಕನ್ನು ಅರ್ಧ ತೆರೆದುಕೊಂಡು, ತಲೆಯನ್ನು ಮೆಲ್ಲಗೆ ಸುತ್ತಲೂ ತಿರುಗಿಸುತ್ತಾ, ಸುಮಾರು ಒಂದು ಗುಂಡಿ ಹೊಲಿಯುವಷ್ಟು ಹೊತ್ತು ಸುಮ್ಮನೆ ಕೂತಿತು. ಬಳಿಕ ಗುಬ್ಬಿಮರಿಯಿಂದ ಮತ್ತೆ ಶುರುಮಾಡಿತು. ಲಸ್ತ್ರಿ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳು ನನ್ನನ್ನು "ಮಾಸ್" ಎಂದು ಮೆತ್ತಗೆ ಕರೆದಳೆಂದರೆ ಮುಂದೆ ಒಳ್ಳೆಯ ಸುದ್ದಿ ಇರುವುದಿಲ್ಲ. "ಮಾಸ್, ನಿಮ್ಮ ಗುರುಗಳು ಸುತ್ತೋದನ್ನೂ ಕಲಿಸಿಬಿಟ್ಟಿದ್ದಾರೆ" ಎಂದಳು. ಅಷ್ಟೇ ಅಲ್ಲ, ಬ್ಯಾಟರಿ ಮುಗಿಯುವ ಮುನ್ನ ತಾವು ಹೊರಡಿಸುವ "ಟುಂಯ್ ಟುಂಯ್" ಎಂಬ ಅಂತಿಮ ನುಡಿಯನ್ನೂ ಶಿಷ್ಯ ಕಂಠಪಾಠ ಮಾಡಿತ್ತು.

ಇನ್ನು ಪಂದ್ಯದ ವಿಷಯ. ತಾವು ಅಂದು ಮನೆಯಲ್ಲೇ ಚಾರ್ಜಿಗೆ ಮಲಗಿದ್ದಿರಾದ್ದರಿಂದ ತಿಳಿಸುವುದು ನನ್ನ ಕರ್ತವ್ಯ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಇಪ್ಪತ್ತನಾಲ್ಕು ಪಂಜರಗಳು ಸಾಲಾಗಿ ತೂಗುತ್ತಿದ್ದವು. ಹಗ್ಗದಾಚೆ ಹಕ್ಕಿಗಳ ಮಾಲೀಕರು ತಮ್ಮ ತಮ್ಮ ಹಕ್ಕಿಯ ಹೆಸರು ಕೂಗಿ ಹುರಿದುಂಬಿಸುತ್ತಿದ್ದರು, ಮಾವ ಎಲ್ಲರ ಹಿಂದೆ ಕೈಕಟ್ಟಿ ನಿಂತಿದ್ದರು. ಬಾಯು ಬಾಲ ನಿಗುರಿಸಿ ಹಿಡಿದ ಮೊದಲ ಮೂರು ಪಲುಕಿಗೆ ಜನ ಬೆರಗಾದರು. ತೀರ್ಪುಗಾರ ಪಾಕ್ ಮುಜಿಬ್ ಬಾವುಟವನ್ನು ಎದೆಯವರೆಗೆ ಎತ್ತಿದರು. ಆಗ ಬಾಯು ಹಾಡು ನಿಲ್ಲಿಸಿ, ತಲೆಯನ್ನು ಸುತ್ತಲೂ ತಿರುಗಿಸತೊಡಗಿತು. ಮಾನ್ಯರೇ, ಆ ನಿಲುಗಡೆ ಏನೆಂದು ಮೈದಾನದಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು, ಏಕೆಂದರೆ ಎಲ್ಲರ ಮನೆಯಲ್ಲೂ ತಮ್ಮ ಬಂಧುಗಳಿದ್ದಾರೆ. ಕೂಗಾಟ ನಿಂತುಹೋಯಿತು. ಎಲ್ಲರೂ ಆ ಚಕ್ರ ತಿರುಗಿ ಮುಗಿಯಲಿ ಎಂದು ಉಸಿರು ಬಿಗಿಹಿಡಿದು ಕಾದರು. ಯಾರೋ "ಕಿಟಕಿ ಹತ್ರ ಹಿಡೀರಪ್ಪಾ, ಬರುತ್ತೆ!" ಎಂದು ಕೂಗಿದರು. ಅಷ್ಟರಲ್ಲಿ ಬಾಯು "ಟುಂಯ್ ಟುಂಯ್" ಎಂದಿತು. ಮೈದಾನದಲ್ಲಿದ್ದ ಗಂಡಸರೆಲ್ಲರ ಕೈ ಒಟ್ಟಿಗೆ ಜೇಬಿಗೆ ಹೋಯಿತು. ಪಾಕ್ ಮುಜಿಬ್ ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ತಮ್ಮ ಫೋನು ತೆಗೆದು ನೋಡಿದರು.

ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಬಾಯು ಏಳು ಸಲ ಮೊದಲಿನಿಂದ ಹಾಡಿ ಏಳು ಸಲವೂ ತಮ್ಮ ಸಂಪ್ರದಾಯವನ್ನು ಎತ್ತಿಹಿಡಿಯಿತು. ನಮಗೆ ಇಪ್ಪತ್ತಮೂರನೆಯ ಸ್ಥಾನ ದೊರೆಯಿತು. ಇಪ್ಪತ್ತನಾಲ್ಕನೆಯ ಹಕ್ಕಿ ಪಂಜರದ ಬಾಗಿಲು ತೆರೆದುಕೊಂಡು ಹಾರಿಹೋಗಿತ್ತು. ತೀರ್ಪಿನ ಚೀಟಿಯಲ್ಲಿ ಪಾಕ್ ಮುಜಿಬ್ "ಕಂಠ ಬಹಳ ಚೆನ್ನ. ಹಾಡು ಬರುತ್ತಿದೆ, ಇನ್ನೂ ಬಂದು ತಲುಪಿಲ್ಲ" ಎಂದು ಬರೆದರು. ಮಾವ ನನ್ನ ಹತ್ತಿರ ಬಂದು ಭುಜ ಮುಟ್ಟಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಂದು ಸಂಜೆ ಬಾಯುವಿಗೆ ನನ್ನ ಕೈಯಾರೆ ಕೊನೆಯ ಜೀರುಂಡೆ ತಿನ್ನಿಸುತ್ತಿದ್ದೇನೆಂದು ತಿಳಿದು ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ತಾವು ಮುಂದಿನ ಪಂದ್ಯದಲ್ಲಿ ಖುದ್ದಾಗಿ ಪಂಜರದೊಳಗೆ ಕೂತು, ಜನರೆದುರು ತಮ್ಮ ಚಕ್ರ ತಿರುಗಿಸಿ, ನಗೆಪಾಟಲಿನಲ್ಲಿ ತಮ್ಮ ಪಾಲನ್ನು ಸ್ವೀಕರಿಸಬೇಕು. ಚಕ್ರ ತಿರುಗಿಸಲೇಬೇಕೆಂದಿದ್ದರೆ ದಯವಿಟ್ಟು ಹಿಮ್ಮುಖವಾಗಿ ತಿರುಗಿಸಿ, ಹೋದ ತಿಂಗಳುಗಳಾದರೂ ವಾಪಸಾಗಲಿ. ಕಚೇರಿಯವರ ಧಾರಾವಾಹಿಯ ನಾಯಕಿಗೆ ಬೇಗ ಮದುವೆ ಮಾಡಿಸಿ ಕತೆ ಮುಗಿಸುವ ವ್ಯವಸ್ಥೆಯೂ ತಮ್ಮಿಂದಲೇ ಆಗಬೇಕು. ಜಾಗದ ಕೊರತೆಯಿದ್ದರೆ, ನಾನು ತೆರೆಯಲು ಹೋಗಿರದ, ತೆಗೆಯಲು ಹೋದರೆ ತಾವು ಬಿಡದ ಪರದೆಯ ಮೇಲಿನ ಆ ಹದಿನೇಳು ಆ್ಯಪ್‌ಗಳಿಂದ ಮನೆ ಖಾಲಿ ಮಾಡಿಸಿ ಒಂದು ಸಿಳ್ಳೆಗೆ ಬಾಡಿಗೆಗೆ ಕೊಡಿ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯದಿದ್ದರೆ ನಾನೂ ತಮ್ಮಂತೆಯೇ ಆಗುತ್ತೇನೆ. ಪಂದ್ಯದ ಮರುದಿನ ಬೆಳಿಗ್ಗೆ ಮಾವ ಪಂಜರಕ್ಕೆ ಹೊದಿಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಲಸ್ತ್ರಿ ಟೀ ಕೊಟ್ಟಳು. ಅವರು ಲೋಟವನ್ನು ತುಟಿಗೆ ತರುವ ಹೊತ್ತಿಗೆ ಬಾಯು ಹಾಡತೊಡಗಿತು. ಚಿಲಿಪಿಲಿ, ಟಕಟಕ, ಚೀರು, ಆಮೇಲೆ ಮೌನ. ಮಾವನ ಲೋಟ ಅರ್ಧದಲ್ಲೇ ನಿಂತಿತು. ನಲವತ್ತು ವರ್ಷ ಆ ಸಿಳ್ಳೆಗಾಗಿ ಕಿವಿ ಕೊಟ್ಟವರಿಗೆ ಅದು ಬಾರದೆ ಟೀ ಗಂಟಲಿಗಿಳಿಯಲಿಲ್ಲ. ಬಾಯು ಮತ್ತೆ ಹಾಡಿ ಮತ್ತೆ ನಿಲ್ಲಿಸಿತು. ಮೂರನೆಯ ಸಲ ತಡೆಯಲಾರದೆ ಅವರು ಲೋಟ ಕೆಳಗಿಟ್ಟು, ಕಟ್ಟಿಸಿದ ಹಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡು, ಆ ಉದ್ದನೆಯ ಇಳಿಸಿಳ್ಳೆಯನ್ನು ತಾವೇ ಹಾಕಿಬಿಟ್ಟರು. ಬಾಯು ತಲೆ ತಿರುಗಿಸುವುದನ್ನು ನಿಲ್ಲಿಸಿ ಅವರ ಬಾಯನ್ನೇ ನೋಡಿತು. ಹಾಗೆ ಒಂದು ಗಂಟೆ ಕಳೆಯಿತು. ಕೊನೆಗೆ ಮಾವ ಎದ್ದು, ತಂದ ಬಟ್ಟೆಯನ್ನು ಕೊಡವಿ ಮತ್ತೆ ತಮ್ಮ ಹೆಗಲಿಗೇ ಹಾಕಿಕೊಂಡರು. "ಮುಗೀದೇ ಇರೋ ಹಾಡನ್ನ ಮನೆಗೆ ಹೊತ್ಕೊಂಡು ಹೋದ್ರೆ ನನ್ನ ಹಳೇ ಹಕ್ಕಿನೂ ಕೆಟ್ಟುಹೋಗುತ್ತೆ. ಇಲ್ಲೇ ಇರಲಿ, ನಾಳೆ ಬರ್ತೀನಿ" ಎಂದರು.

ಅದು ಹನ್ನೊಂದು ವಾರದ ಹಿಂದಿನ ಮಾತು. ಅವರು ದಿನವೂ ಬರುತ್ತಿದ್ದಾರೆ. ನನ್ನ ಹೊಲಿಗೆಯಂತ್ರಕ್ಕೆ ಎಣ್ಣೆ ಬಿಟ್ಟದ್ದೂ ಅವರೇ; "ಇದರ ಸದ್ದಿನಿಂದ ಹಕ್ಕಿಗೆ ತೊಂದರೆ ಆಗುತ್ತೆ" ಎಂದು ನೆಪ ಹೇಳಿದರು, ನಾನೂ ನಂಬಿದೆ. ಇಂದು ಬೆಳಿಗ್ಗೆ, ಅವರು ಇನ್ನೂ ಹಲ್ಲು ತೆಗೆಯುವ ಮುನ್ನವೇ, ಬಾಯು ಚಿಲಿಪಿಲಿಯಿಂದ ಇಳಿಸಿಳ್ಳೆಯವರೆಗೆ ಎಲ್ಲೂ ನಿಲ್ಲದೆ ಹಾಡಿ ಮುಗಿಸಿತು. ನಾನು, ಲಸ್ತ್ರಿ ಮುಖ ಮುಖ ನೋಡಿಕೊಂಡೆವು. ಹಾಡು ಮುಗಿಯಿತೆಂದರೆ ಹಕ್ಕಿಯೂ ಹೋಗಬಹುದು, ಇಲ್ಲವೇ ಹಕ್ಕಿಯನ್ನು ನಮಗೇ ಬಿಟ್ಟು ಅವರು ಬರುವುದನ್ನು ನಿಲ್ಲಿಸಬಹುದು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆನೆಂದು ನನಗೇ ತಿಳಿಯಲಿಲ್ಲ. ಮಾವ ಲೋಟದ ಟೀಯನ್ನು ಕೊನೆಯ ಹನಿಯವರೆಗೆ ಕುಡಿದರು. ಖಾಲಿ ಲೋಟದ ತಳವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಗಳ ಕಡೆ ಚಾಚಿ, "ಇನ್ನೊಂದಿಷ್ಟು ಹಾಕಮ್ಮಾ" ಎಂದರು. ನನ್ನ ಕಡೆ ತಿರುಗಿ, "ಕೊನೇಲಿ ಎಲ್ಲೋ ಒಂಚೂರು ತಡವರಿಸ್ತಲ್ಲ ವಾರ್ಸಿದಿ? ನಾಳೆ ಬಂದು ನೋಡ್ತೀನಿ" ಎಂದರು.

ಎಲ್ಲೂ ತಡವರಿಸಿರಲಿಲ್ಲ, ಮಾನ್ಯರೇ. ಅಂಥ ಕಿವಿಗೆ ಅದು ಗೊತ್ತಾಗದೆ ಇರುವುದೇ? ನಾನು "ಹೌದು ಪಾಕ್, ತಡವರಿಸಿತು" ಎಂದೆ.

ತಾವು ಆ ಹಾಡನ್ನು ಒಂದೇ ಒಂದು ಸಲ ಪೂರ್ತಿ ಕೇಳಿಸಿದ್ದರೂ ನಾನು ಕೆಟ್ಟೇಹೋಗುತ್ತಿದ್ದೆ.

ತಮ್ಮ ವಿಶ್ವಾಸಿ,
ವಾರ್ಸಿದಿ

ಮರೆತ ಮಾತು: ಮಾವನ ಸಲಹೆಯಂತೆ ಇಂದಿನಿಂದ ತಮ್ಮನ್ನು ಜೀರುಂಡೆ ಡಬ್ಬದ ಮುಚ್ಚಳವನ್ನಾಗಿ ನೇಮಿಸಲಾಗಿದೆ. ತಮ್ಮ ತೂಕ ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿದ್ದು, ಬೆಳಗಿನಿಂದ ಒಂದು ಜೀರುಂಡೆಯೂ ಹೊರಬಂದಿಲ್ಲ. ಹತ್ತು ತಿಂಗಳ ಸೇವೆಯಲ್ಲಿ ತಾವು ನಡುವೆ ನಿಲ್ಲಿಸದೆ ಮಾಡಿದ ಮೊದಲ ಕೆಲಸ ಇದೇ ಆದ್ದರಿಂದ, ಹಾರ್ದಿಕ ಅಭಿನಂದನೆಗಳು.