ಕಂಬಿಯಿಲ್ಲದ ಕಾಂಕ್ರೀಟು

ಆ ಬೆಳಿಗ್ಗೆ ಮೇಷ್ಟ್ರ ಮನೆಯಲ್ಲಿ ಸೂತಕದ ಕಳೆಯಿತ್ತು. ಗೇಟಿನಿಂದ ಮನೆಬಾಗಿಲವರೆಗೆ ಅವರು ಸ್ವಹಸ್ತದಿಂದ ಹಾಕಿದ್ದ ಕಾಂಕ್ರೀಟು ದಾರಿಯನ್ನು ಒಡೆಯಲು ಬ್ರೇಕರ್ ಮಷಿನ್ ಬರುವುದಿತ್ತು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು, ಹತ್ತಿರದ ಬಂಧುವಿನ ಆಪರೇಷನ್ನಿಗೆ ಬಂದವರ ಹಾಗೆ ಕೂತಿದ್ದರು. ಹೆಂಡತಿ ಮಾತ್ರ ನೆಲ ಒರೆಸುವ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಂದು, ಶಾಶ್ವತವಾಗಿ ಕಸದ ಬುಟ್ಟಿಗೆ ಹಾಕಿದರು.

ತಪ್ಪು ಮೇಷ್ಟ್ರದ್ದೇ. ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುವ ಈ ಮಹಾನುಭಾವರು ದಾರಿಯ ಇಳಿಜಾರನ್ನು ರಸ್ತೆಯ ಕಡೆಗೆ ಕೊಡುವ ಬದಲು ಮನೆಯ ಕಡೆಗೆ ಕೊಟ್ಟಿದ್ದರು. ಮಳೆ ಬಂದರೆ ಬೀದಿಯ ನೀರೆಲ್ಲ ಹೇಳದೆ ಕೇಳದೆ ಹಾಲಿಗೆ ಬರುತ್ತಿತ್ತು (ಒಮ್ಮೆ ಪಕ್ಕದ ಮನೆಯವರ ಚಪ್ಪಲಿಯೂ ಬಂದಿತ್ತು). ಹೋದ ಮಳೆಗೆ ಹೆಂಡತಿ ತವರಿಗೆ ಹೊರಟು ನಿಂತಾಗ ಮೇಷ್ಟ್ರು ಸೋಲೊಪ್ಪಿಕೊಂಡರು.

ಸೋತದ್ದು ಇಳಿಜಾರಿನಲ್ಲಿ ಮಾತ್ರ. ಗಟ್ಟಿತನದ ವಿಷಯಕ್ಕೆ ಯಾರೂ ತುಟಿಪಿಟಿಕ್ ಅನ್ನುವಂತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಬಿರುಕಿಲ್ಲ, ಅದೂ ಒಳಗೆ ಕಬ್ಬಿಣದ ಕಂಬಿಯೇ ಇಲ್ಲದೆ. ಕಂಬಿ ಹಾಕುವುದು ಧೈರ್ಯವಿಲ್ಲದವರ ಕೆಲಸ ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಂಡತಿಯ ತಮ್ಮ ಬಂದರಂತೂ ಎರಡೆರಡು ಸಲ. ಗೋಡೆಗೆ ಮೊಳೆ ಹೊಡೆಯಲೂ ಬಾರದವನು ಎಂದು ಮೇಷ್ಟ್ರು ತೀರ್ಮಾನಿಸಿದ್ದ ಆ ಭಾವಮೈದುನ, ಹೌದು ಭಾವ ಎಂದು ತಲೆದೂಗಿ ಕಾಫಿ ಕುಡಿದು ಹೋಗುತ್ತಿದ್ದ. ಬದುಕಿನಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಕಟ್ಟಿದ್ದು ಅದೊಂದೇ. ಒಡೆಯುವುದಾದರೂ ಸುಲಭಕ್ಕೆ ಒಡೆಯಬಾರದು ಎಂದು ಅವರ ಜೀವ ಬೇಡಿಕೊಳ್ಳುತ್ತಿತ್ತು.

ಮಷಿನ್ನಿನವನು ಬಂದು, ಕಿವಿಗೆ ಹತ್ತಿ ತುರುಕಿಕೊಂಡು, ಉಳಿಯ ಮೊನೆಯನ್ನು ನೆಲಕ್ಕೂರಿ ಬ್ರೇಕರ್ ಚಾಲೂ ಮಾಡಿದ. ಕಿಟಕಿಯ ಗಾಜು ನಡುಗಿತು, ಅಡುಗೆಮನೆಯ ಪಾತ್ರೆಗಳು ನಡುಗಿದವು, ಕಾಂಕ್ರೀಟು ನಡುಗಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದವನೇ ಬೆವರಿಳಿಸುತ್ತಿದ್ದ. ಕೊನೆಗೆ ಮಷಿನ್ ನಿಲ್ಲಿಸಿ ಕೇಳಿದ: "ಯಾರು ಸಾರ್ ಇದನ್ನ ಹಾಕಿದ್ದು?"

ಮೇಷ್ಟ್ರ ಕಣ್ಣು ತುಂಬಿ ಬಂತು. "ನಾನೇ ಕಣಪ್ಪ," ಎಂದು ಹೆಂಡತಿಯ ಕಡೆ ನೋಡಿದರು. ಆಕೆಗೆ ಆಗಲೇ ಒಲೆಯ ಮೇಲಿಟ್ಟ ಹಾಲಿನ ನೆನಪಾಯಿತು.

ಮತ್ತೆ ಮಷಿನ್ ಗುಡುಗಿ, ಒಂದು ದೊಡ್ಡ ಚಪ್ಪಡಿ ಮೇಲೆದ್ದಿತು. ಅದರ ಅಂಚಿನಿಂದ ಕಬ್ಬಿಣದ ಕಂಬಿಗಳು ಸಾಲಾಗಿ ಚಾಚಿಕೊಂಡಿದ್ದವು. ಕೆಳಗೆ ಇನ್ನೊಂದು ಪದರವಿತ್ತು. ಮೇಷ್ಟ್ರು ಇಳಿದು ಬಂದು ಮುಟ್ಟಿದರು. ಅದು ಬೆರಳ ಸಂದಿಯಿಂದ ಮರಳಾಗಿ ಉದುರಿತು. ಹಾಲು ಉಕ್ಕಿದರೆ ಉಕ್ಕಲಿ ಎಂದು ಹೆಂಡತಿ ಹೊರಗೆ ಬಂದರು.

"ನಿಮ್ಮದು ಈ ಕೆಳಗಿಂದು ರೀ. ನೀವು ಪರೀಕ್ಷೆ ಪೇಪರ್ ತಿದ್ದೋಕೆ ಬೇರೆ ಊರಿಗೆ ಹೋದ್ರಲ್ಲ, ಆಗಲೇ ಎಲ್ಲ ಬಿರುಕು ಬಿಟ್ಟಿತು. ತಮ್ಮ ಬಂದು ಕಂಬಿ ಕಟ್ಟಿ ಮೇಲೊಂದು ಪದರ ಹಾಕಿದ. ವಾಪಸ್ ಬಂದು ಗೇಟು ನೆಲಕ್ಕೆ ತಗುಲುತ್ತೆ ಅಂದ್ರಿ. ಗೇಟು ಇಳಿದಿದೆ ಅಂದೆ, ನಂಬಿದ್ರಿ."

ಮೇಷ್ಟ್ರು ಕೈಗಂಟಿದ ಮರಳನ್ನು ಝಾಡಿಸಿಕೊಂಡರು. ಆಮೇಲೆ ಮುಖದಲ್ಲಿ ಸಣ್ಣ ಆಸೆಯೊಂದು ಮೂಡಿತು. "ಹಾಗಾದ್ರೆ ಇಳಿಜಾರೂ ಅವನದೇ?"

"ಅದು ನಿಮ್ಮದೇ. ಅವನು ಸರಿ ಮಾಡ್ತೀನಿ ಅಂದ, ನಾನೇ ಬೇಡ ಅಂದೆ. ನೀರು ರಸ್ತೆ ಕಡೆ ಹೋಗಿದ್ರೆ ಇದು ನಿಮ್ಮ ಕೆಲಸ ಅಲ್ಲ ಅಂತ ನಿಮಗೆ ಗೊತ್ತಾಗ್ತಿರಲಿಲ್ವಾ?"

ತಮ್ಮ ಮಾನಕ್ಕಾಗಿ ಈಕೆ ಇಷ್ಟು ಮಳೆಗಾಲ ಮಂಡಿಯೂರಿ ನೆಲ ಒರೆಸಿದಳಲ್ಲ ಎಂದುಕೊಳ್ಳುತ್ತ ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅಷ್ಟರಲ್ಲಿ ಮಷಿನ್ನಿನವನು, ಹೊಸದನ್ನು ಯಾರು ಹಾಕುತ್ತಾರೆ ಎಂದು ವಿಚಾರಿಸಿದ.

"ಇವಳ ತಮ್ಮ ಹಾಕ್ತಾನೆ. ಒಳ್ಳೆ ಕೆಲಸಗಾರ," ಎಂದರು ಮೇಷ್ಟ್ರು. ಮೀಸೆಗೆ ಮೆತ್ತಿದ್ದ ಧೂಳನ್ನು ಒರೆಸಿಕೊಂಡು, ಗಂಭೀರವಾಗಿ ಸೇರಿಸಿದರು: "ಇಳಿಜಾರು ಮಾತ್ರ ನಾನು ನೋಡ್ಕೋತೀನಿ."

ಹೆಂಡತಿ ಕಸದ ಬುಟ್ಟಿಯಿಂದ ಆ ಬಟ್ಟೆಯನ್ನು ಹೊರತೆಗೆದು, ಒಗೆದು, ಹಿಂಡಿ, ಒಣಗಲು ಹಾಕಿದರು.