ಉಗುಳು ಹೇಳಿದ ಖರೆ

ದವಾಖಾನಿಯೊಳಗ ನಗೂದನ್ನ ಹುಡುಕ್ಕೊಂಡು ಹೋಗೂದು ಬ್ಯಾಡ, ಅದ ನಮ್ಮನ್ನ ಹುಡುಕ್ಕೊಂಡು ಬರತೈತಿ. ಬಾಗಲಕೋಟಿಯ ಒಂದು ದವಾಖಾನಿಯ ಹೆರಿಗಿ ವಾರ್ಡಿನ್ಯಾಗ ಮೂವತ್ತು ವರ್ಷ ನರ್ಸ್ ಆಗಿದ್ದೆ. ರಿಟೈರ್ ಆಗಿ ವರ್ಷ ಆತು. ಮಧ್ಯಾಹ್ನ ಎರಡಾತಂದ್ರ ಇವತ್ತಿಗೂ ಕೈ ಸುಮ್ನಿರೂದಿಲ್ಲ, ವಾರ್ಡು ನೆನಪಾಗತೈತಿ. ಅದ್ರಾಗೂ ಕಡೀ ವರ್ಷದ ಉಗುಳಿನ ಕತಿ ಭಾಳ ನೆನಪಾಗತೈತಿ.

ಆ ವರ್ಷ ವಿದ್ಯಾಗಿರಿ ಕಡೆಯಿಂದ ಓದೂ ಹುಡುಗಿ ಒಬ್ಬಾಕಿ ಬಂದ್ಲು. ನರ್ಸುಗಳ ಟೆನ್ಶನ್ ಮ್ಯಾಲ ಪ್ರಬಂಧ ಬರಿಯಾಕಿ. ಟೆನ್ಶನ್ ಆದಾಗ ಮೈಯಾಗ ಕಾರ್ಟಿಸಾಲ್ ಅನ್ನೂ ಹಾರ್ಮೋನು ಏರತೈತಂತ, ಉಗುಳು ನೋಡಿದ್ರ ಅದು ಗೊತ್ತಾಗತೈತಂತ. ಡ್ಯೂಟಿ ದಿನ ಒಮ್ಮೆ, ರಜಾ ದಿನ ಒಮ್ಮೆ, ಮಧ್ಯಾಹ್ನ ಎರಡಕ್ಕ ಸಣ್ಣ ಡಬ್ಬಿಯೊಳಗ ಉಗುಳಿ ಕೊಡಬೇಕು. ಇಲ್ಲೀತನಾ ಚೊಲೋನ ಇತ್ತು. ನಮ್ಮ ದೊಡ್ಡ ಡಾಕ್ಟರು, ಭಾಳ ಒಳ್ಳೇ ಮನಿಷಾ, ಮೀಟಿಂಗಿನ್ಯಾಗ ಒಂದು ಮಾತು ಸೇರಿಸಿದ್ರು. "ವಾರ್ಡಿನ್ಯಾಗ ಯಾರಿಗೆ ಇದು ಜಾಸ್ತಿ ಬರತೈತಿ, ಅವರನ್ನ ಸ್ಟೋರಿಗೆ ಹಾಕೂಣು. ಪಾಪ, ಆರಾಮ ಇರ್ಲಿ." ಹಂಗ ಅನ್ನೂಮುಂದ ನನ್ನ ಕಡೇನ ನೋಡಿದ್ರು.

ಕಡೀ ವರ್ಷ ಕೂಸುಗಳನ್ನ ಬಿಟ್ಟು ಹತ್ತಿ ಉಂಡಿ ಕಾಯ್ಕೊಂತ ಕುಂದ್ರೂದಂದ್ರ ನನಗ ಜೀವಾನ ಹೋದಂಗಾತು.

1. ಚಹಾ ಇಲ್ಲದ ಎರಡು ಗಂಟಿ

ಎರಡಕ್ಕ ನಮ್ಮ ಪಾಳಿ ಬದಲಿ. ಹೋಗಾಕಿ ಬರಾಕಿಗೆ ಪೇಶಂಟುಗಳನ್ನ ಒಪ್ಪಿಸೂದು ಚಹಾದ ಕಪ್ಪು ಹಿಡಕೊಂಡ ಆಗಬೇಕು, ಅದು ನಮ್ಮ ಪದ್ಧತಿ. ಈ ಹುಡುಗಿ ಬಂದು, ಉಗುಳೂಕಿಂತ ಅರ್ಧ ತಾಸು ಮೊದಲ ಏನೂ ತಿನ್ನಂಗಿಲ್ಲ, ಕುಡಿಯಂಗಿಲ್ಲ ಅಂದು ಕೆಟ್ಲಿ ಒಯ್ದು ಕಪಾಟದಾಗ ಇಟ್ಲು.

ಐದು ನಿಮಿಷದಾಗ ಇಬ್ಬರು ಒಂದು ಪೆನ್ನಿಗೆ ಜಗಳಾ ತಗದ್ರು. ಇಳಕಲ್ಲಿನ ಸಿಸ್ಟರು, ಎಂದೂ ದನಿ ಎತ್ತದಾಕಿ, ಬಿ.ಪಿ. ಮಷಿನ್ನಿಗೆ ಬೈದ್ಲು. ನಾ ಮೂರನೇ ಬೆಡ್ಡಿನಾಕೀನ ಎರಡು ಸಲ ಒಪ್ಪಿಸಿದೆ, ಅದನ್ನ ತೋರಿಸಿ ಹೇಳಿದಾಕಿಗೂ ಬೈದೆ. ಹುಡುಗಿ ಪಟಪಟಾ ಬರಕೊಂತ, "ಅಕ್ಕಾರ, ಕೆಲಸದ ಟೆನ್ಶನ್ ಇಷ್ಟ ಇರತೈತಂತ ಗೊತ್ತಿರಲಿಲ್ರಿ" ಅಂದ್ಲು.

"ಕೆಲಸದ್ದಲ್ಲವಾ ತಂಗಿ, ಇದು ಚಹಾದ್ದು," ಅಂದೆ. "ಬ್ಯಾರೆ ಕಾಲಂ ಹಾಕು."

2. ಬೋರ್ಡಿನ ಕೆಳಗ

ಒಳಗ ಜಾಗಾ ಇಲ್ಲಂತ ಐದೂ ಮಂದಿ ನರ್ಸುಗಳನ್ನ ಪಡಸಾಲ್ಯಾಗ ಸಾಲಾಗಿ ನಿಂದರಿಸಿದ್ಲು. ನಮ್ಮ ತಲಿ ಮ್ಯಾಲ 'ಇಲ್ಲಿ ಉಗುಳಬಾರದು' ಅನ್ನೂ ಬೋರ್ಡು. ಹಚ್ಚಿಸಿದಾಕಿ ನಾನ.

ಎದುರಿಗೆ ಹುನಗುಂದ ಕಡೆಯ ಅಜ್ಜ ಒಬ್ಬಾಂವ ಕುಂತಿದ್ದ. ಹೆಗಲಿಗೆ ಕಂಬಳಿ, ಹಣಿಗೆ ಬೀರಪ್ಪನ ಭಂಡಾರ, ಮೊಮ್ಮಗಳು ಹುಟ್ಟಿದ ಖುಷಿ. ಹಿಂದಿನ ದಿನ ಅದ ಬೋರ್ಡಿನ ಕೆಳಗ ತಂಬಾಕ ಉಗುಳಿದ್ದಕ್ಕ ಅವನ ಕೈಲೆ ನೀರು ಹಾಕಿಸಿ ತೊಳಿಸಿದ್ದೆ. ನಾವು ಐದೂ ಮಂದಿ ಡಬ್ಬಿ ಬಾಯಿಗೆ ಹಿಡಿದದ್ದನ್ನ ಅಜ್ಜ ಭಾಳ ಹೊತ್ತು ನೋಡಿದ.

"ಯವ್ವಾ," ಅಂದ, "ನಿನ್ನಿನ ಹೇಳಬಾರದಾಗಿತ್ತೇನು? ನಮ್ಮ ಡಬ್ಬಿ ನಾವ ತರತಿದ್ವಿ."

ಅಲ್ಲಿಗೆ ನನ್ನ ಬಾಯಿ ಪೂರಾ ಒಣಗಿತು. ನನ್ನ ಡಬ್ಬಿ ಖಾಲಿನ ಉಳೀತು, ಮುಂದಿನ ವಾರ ಅಂತ ಆತು.

3. ಉಸಿರಿನ ಪಾಠ

ಸಿಕ್ಕಿದ್ದು ಒಂದು ವಾರ. ಅಷ್ಟರಾಗ ಟೆನ್ಶನ್ ಇಳಿಸಬೇಕು. ಇಳಕಲ್ಲಿನ ಸಿಸ್ಟರು, "ಬಸರಿ ಹೆಣ್ಮಕ್ಕಳಿಗೆ ಉಸಿರು ಹೆಂಗ ಬಿಡೂದಂತ ಕಲಸ್ತೀರಲ್ರಿ, ಅದನ್ನ ನೀವ ಮಾಡ್ರಿ" ಅಂದ್ಲು. ಮೂವತ್ತು ವರ್ಷ ಮಂದಿಗೆ ಕಲಿಸೇನಿ, ನಾ ಒಮ್ಮೆನೂ ಮಾಡಿದ್ದಿಲ್ಲ. ಗ್ವಾಡಿಗೆ ಒಂದು ಕೈ, ಟೊಂಕಕ್ಕೊಂದು ಕೈ ಕೊಟ್ಟು, ಕಣ್ಣು ಮುಚ್ಚಿ, ಬಾಯಿಲೆ ಸಾವಕಾಶ ಉಸಿರು ಬಿಡಾಕ ಹತ್ತಿದೆ.

ಮಗಳನ್ನ ಕರಕೊಂಡು ಬಂದಿದ್ದ ಬದಾಮಿ ಕಡೆಯ ಹೆಣ್ಮಗಳು ಓಡಿ ಬಂದು ನನ್ನ ಬೆನ್ನು ತಿಕ್ಕಾಕ ಚಾಲೂ ಮಾಡಿದ್ಲು. "ಇದು ಎಷ್ಟನೇದ್ರಿ, ಅಕ್ಕಾರ?"

"ನನಗ ಮುಂದಿನ ವರ್ಷ ಪೆನ್ಶನ್ ಐತವಾ," ಅಂದೆ.

ಆಕಿ ತಿಕ್ಕೂದು ನಿಲ್ಲಸ್ಲಿಲ್ಲ. "ಇರ್ಲಿ ಬಿಡ್ರಿ, ದೇವರು ಕೊಟ್ಟಾಗ ತಗೋಬೇಕು."

4. ಎರಡು ಡಬ್ಬಿ

ನನ್ನ ಡ್ಯೂಟಿ ದಿನ ಬಂತು. ಒಂದ ತಾಸಿನ್ಯಾಗ ಮೂರು ಹೆರಿಗಿ, ಅದ್ರಾಗೊಂದು ಅವಳಿ. ನಡುವ ಕರೆಂಟ್ ಹೋತು. ಒಬ್ಬಾಕಿ ಅತ್ತಿ ಚಕ್ಕರ್ ಬಂದು ಬಿದ್ಲು, ಆಕಿಗೂ ಒಂದು ಬೆಡ್ಡು ಹುಡುಕಿದ್ವಿ. ಕಡೀ ಕೂಸನ್ನ ತಾಯಿ ಮಗ್ಗಲಿಗೆ ಮಲಗಿಸಿ ಗಡಿಯಾರ ನೋಡಿದ್ರ ಎರಡು. ಡಬ್ಬಿ ತುಂಬಿಸಿ ಕೊಟ್ಟೆ. ನಂದು ಸ್ಟೋರ್ ಪಕ್ಕಾ ಆತು ಅಂತ ತಿಳಕೊಂಡೆ.

ರಜಾ ದಿನದ್ದಾದ್ರೂ ಚೊಲೋ ಬರ್ಲಿ ಅಂತ ಮನ್ಯಾಗ ಕುಂತೆ. ಹತ್ತಕ್ಕ ನಮ್ಮ ನಾದಿನಿಯರಿಬ್ಬರೂ ಮಕ್ಕಳು ಮರಿ ಕಟಗೊಂಡು ಬಂದ್ರು. ಬನಶಂಕರಿ, ಪಟ್ಟದಕಲ್ಲು ನೋಡಾಕ ಹೊಂಟವರು, ಹಂಗ ಊಟಕ್ಕ ಇಳದಾರ. ನಾ ರೊಟ್ಟಿ ಬಡಿಯೂದು, ನಮ್ಮತ್ತಿ ಪಕ್ಕದಾಗ ಕುಂತು, "ಇದು ದಪ್ಪ ಆತು, ಇದು ಕರ್ರಗಾತು" ಅನ್ನೂದು. ನಮ್ಮ ಮನಿಯವರು ಬಾಗಲದಾಗ ಹಣಿಕಿ ಹಾಕಿ, "ಇವತ್ತು ನಿನಗ ರಜಾ ಅಲ್ಲ? ಆರಾಮ ಮಾಡು. ಹಂಗ ಎಲ್ಲಾರಿಗೂ ಒಂದೀಟು ಚಹಾ ಇಡು" ಅಂದ್ರು. ಎರಡಕ್ಕ ಬಚ್ಚಲದಾಗ ಹೋಗಿ ಚಿಲಕಾ ಹಾಕ್ಕೊಂಡು ಡಬ್ಬಿಯೊಳಗ ಉಗುಳಿದೆ.

ಫಲಿತಾಂಶ ಬಂದ ದಿನ ದೊಡ್ಡ ಡಾಕ್ಟರು ಕರಸಿದ್ರು. ಹುಡುಗಿನೂ ಅಲ್ಲೇ ಇದ್ಲು.

"ಸಿಸ್ಟರ್, ವಾರ್ಡಿನ ದಿನ ನಿಮ್ದು ಎಲ್ಲಾರಕಿಂತ ಕಮ್ಮಿ ಐತಿ. ರಜಾ ದಿನ ಎಲ್ಲಾರಕಿಂತ ಜಾಸ್ತಿ. ಅವತ್ತು ಏನು ಮಾಡಿದ್ರಿ?"

"ಏನಿಲ್ರಿ ಸರ್, ಮನ್ಯಾಗ ಆರಾಮ ಮಾಡಿದೆ."

ಅವರು ಚಸ್ಮಾ ತಗದು ಟೇಬಲ್ ಮ್ಯಾಲ ಇಟ್ರು. "ನಿಮ್ಮನ್ನ ವಾರ್ಡಿನಿಂದಲ್ಲ, ಮನಿಯಿಂದ ವರ್ಗಾ ಮಾಡಬೇಕು. ಅದು ನನ್ನ ಕೈಯಾಗಿಲ್ಲ. ಹೋಗ್ರಿ, ನಿಮ್ಮ ವಾರ್ಡಿಗೆ ಹೋಗ್ರಿ."

ವಾರ್ಡಿಗೆ ಬಂದು ಅಳೂ ಕೂಸೊಂದನ್ನ ಎತಗೊಂಡೆ. ಅದರ ಕೂಡ ನಾನೂ ಒಂದೀಟು ಅತ್ತೆ. ಅಷ್ಟು ಖುಷಿ ಆಗಿತ್ತು ನನಗ.

ಮೊನ್ನೆ ಬಜಾರದಾಗ ಆ ಹುಡುಗಿ ಸಿಕ್ಕಿದ್ಲು. "ಅಕ್ಕಾರ, ಈಗ ದಿನಾ ರಜಾ. ಟೆನ್ಶನ್ ಇಲ್ಲ, ಏನಿಲ್ಲ. ಆರಾಮ ಅಲ್ರಿ?" ಅಂದ್ಲು. ನನ್ನ ಹಿಂದ ನಮ್ಮ ಮನಿಯವರು ಹತ್ತು ಮಂದಿಗೆ ಆಗೂವಷ್ಟು ಬದನಿಕಾಯಿ ಆರಸಾಕ ಹತ್ತಿದ್ರು.

ಆಕೀನ ಮಗ್ಗಲಿಗೆ ಕರದು ಸಣ್ಣ ದನಿಲೆ ಕೇಳಿದೆ. "ತಂಗಿ, ಆ ಡಬ್ಬಿ ಇನ್ನೂ ಒಂದು ಉಳದೈತೇನು? ದೊಡ್ಡ ಡಾಕ್ಟರಿಗೆ ತೋರಸ್ತೇನಿ, ಮತ್ತ ವಾರ್ಡಿಗೆ ಕರೀತಾರೇನೋ ನೋಡೂಣು."