ಮಾವನ ತೋಟಾ, ಅತ್ತೆಯ ಕುಂಕುಮ

ತಪ್ಪು ಹುಡುಕುವುದು ನನಗೆ ಹುಟ್ಟುಗುಣವೋ ಹೊಟ್ಟೆಪಾಡೋ, ಈಗ ಹೇಳುವುದು ಕಷ್ಟ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿ ವರ್ಷಗಟ್ಟಲೆ ಕೆಂಪು ಪೆನ್ನು ಹಿಡಿದವನಿಗೆ ಉತ್ತರಪತ್ರಿಕೆಗೂ ಊಟದ ಎಲೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಅನ್ನದಲ್ಲಿರುವ ಒಂದೇ ಒಂದು ಕಲ್ಲು ನನ್ನ ಹಲ್ಲಿಗೇ ಸಿಗುತ್ತದೆ. ಯಾರಾದರೂ ಮದುವೆಯ ಕಾಗದ ಕೊಟ್ಟರೆ ಹುಡುಗ, ಹುಡುಗಿ ಯಾರೆಂದು ನೋಡುವ ಮೊದಲೇ ಅಚ್ಚಿನ ತಪ್ಪು ಕಾಣುತ್ತದೆ. ಕಂಡಮೇಲೆ ಹೇಳದೆ ಇರಲಾಗುವುದಿಲ್ಲ. ‘ನಿಮಗೆ ಹುಣ್ಣಿಮೆ ಚಂದ್ರನ್ನ ತೋರಿಸಿದ್ರೂ ಕಲೆ ಎಷ್ಟಿವೆ ಅಂತ ಎಣಿಸ್ತೀರಿ ಕಣ್ರೀ’ ಎನ್ನುತ್ತಾಳೆ ನನ್ನ ಹೆಂಡತಿ ಶಾರದೆ. ಮೊಸರಿನಲ್ಲಿ ಕಲ್ಲು ಹುಡುಕುವವರು ಅಂತ ಅವಳ ತವರಿನಲ್ಲಿ ನನಗೆ ಹೆಸರು ಬರುವುದಕ್ಕೂ ಅವಳೇ ಕಾರಣ. ಆದರೆ ಇದೇ ಗುಣ ಒಮ್ಮೆ ನನ್ನ ಮರ್ಯಾದೆ ಕಾಪಾಡಿತು. ಅದನ್ನು ನಾನೇ ಹೇಳಿಕೊಳ್ಳದಿದ್ದರೆ ಇನ್ಯಾರೂ ಹೇಳುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮಾವನವರದು ಗೆಂಡೆಹಳ್ಳಿಯ ಪಕ್ಕದ ಊರು. ರಾಗಿ, ಭತ್ತ ಬೆಳೆಯುವವರು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಿ ಓಡಿಸಲು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿಯೊಂದನ್ನು ಇಟ್ಟುಕೊಂಡಿದ್ದರು. ಅದಕ್ಕೆ ಹಾಕುವ ಹಿತ್ತಾಳೆಯ ತೋಟಾಗಳು ಹನ್ನೆರಡು. ಈಡು ಹೊಡೆದ ಮೇಲೆ ಖಾಲಿ ತೋಟಾವನ್ನು ಎಸೆಯದೆ ಎತ್ತಿಟ್ಟು, ತೊಳೆದು, ಮತ್ತೆ ಮದ್ದು ತುಂಬುವುದು ಅವರ ಪದ್ಧತಿ. ತುಂಬುವ ಮೊದಲು ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಹೊರಗೆ ನೋಡಿ ಪಾಸು ಮಾಡುತ್ತಿದ್ದರು. ಹಿತ್ತಾಳೆ ಸೀಳಿದ್ದರೆ ಈಡು ಹೊಡೆದಾಗ ಬೆಂಕಿ ಹಿಂದಕ್ಕೆ, ಕೋವಿಗೆ ಕೆನ್ನೆ ಕೊಟ್ಟವನ ಮುಖಕ್ಕೇ ಬರಬಹುದು. ಇಂಥ ಕೆಲಸಕ್ಕೆ ಅವರು ಇನ್ನೊಬ್ಬರನ್ನು ಸೇರಿಸುತ್ತಿರಲಿಲ್ಲ. ಅದರಲ್ಲೂ ಸೀಮೆಸುಣ್ಣ ಹಿಡಿಯುವ ಅಳಿಯನನ್ನು ಖಂಡಿತ ಇಲ್ಲ.

ಆ ವರ್ಷ ಆಯುಧಪೂಜೆಗೆ ನಾವಿಬ್ಬರೂ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿದ್ದೆವು. ನನ್ನ ಅತ್ತೆ ದೇವರ ದೀಪಗಳ ಜೊತೆಯಲ್ಲೇ ತೋಟಾಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರ ಮಾಡಿದ್ದರು. ಆಮೇಲೆ ನೀರಿನಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಹೊರಟರು ನೋಡಿ! ಕೋವಿ, ನೇಗಿಲು, ಕುಡುಗೋಲು, ಈಳಿಗೆಮಣೆ, ನನ್ನ ಸ್ಕೂಟರು, ಯಾವುದನ್ನೂ ಬಿಡಲಿಲ್ಲ. ತೋಟಾಗಳಿಗೆ ಬುಡದ ಸುತ್ತಲೂ ಧಾರಾಳವಾಗಿ ಬಳಿದರು. ಮೇಷ್ಟ್ರ ಆಯುಧವೆಂದು ನನ್ನ ಕೆಂಪು ಪೆನ್ನಿಗೂ, ಕೊನೆಗೆ ಮಣೆಯ ಮೇಲೆ ಇಟ್ಟಿದ್ದ ಕನ್ನಡಕಕ್ಕೂ ಬಿತ್ತು. ನನಗೆ ರೇಗಿತು. ‘ಅತ್ತೆ, ಇಷ್ಟೊಂದು ಬಳಿದರೆ ದೇವರಿಗೇ ಯಾವುದು ಕೋವಿ, ಯಾವುದು ಕನ್ನಡಕ ಅಂತ ಗೊತ್ತಾಗಲ್ಲ’ ಎಂದೆ. ಅತ್ತೆ ನಕ್ಕು, ‘ಕುಂಕುಮ ಹೆಚ್ಚಾಗಿ ಯಾರೂ ಕೆಟ್ಟಿಲ್ಲ ಬಿಡಿ ಅಳೀಂದ್ರೆ’ ಎಂದರು. ನಾನು ಗೊಣಗುತ್ತ ಕನ್ನಡಕವನ್ನು ಬನಿಯನ್ನಿನ ಅಂಚಿನಲ್ಲಿ ಒರೆಸಿಕೊಂಡೆ.

ಮರುದಿನ ಬೆಳಿಗ್ಗೆ ಮಾವ ಜಗಲಿಯ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ತೋಟಾ ಒರೆಸಿ, ಬಿಸಿಲಿಗೆ ಹಿಡಿದು ಪಕ್ಕಕ್ಕೆ ಇಡುತ್ತಿದ್ದರು. ನಾನು ಕಾಫಿ ಕುಡಿಯುತ್ತ ಎದುರಿಗೆ ಕೂತಿದ್ದೆ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಹನ್ನೆರಡೂ ಪಾಸಾದವು. ಅವರು ಮದ್ದಿನ ಡಬ್ಬಿಗೆ ಕೈ ಹಾಕುವ ಹೊತ್ತಿಗೆ ನನ್ನ ಕಣ್ಣು ಏಳನೆಯದರ ಮೇಲೆ ನಿಂತಿತು. ಬುಡದ ಹತ್ತಿರ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ.

‘ಮಾವ, ಅದರಲ್ಲಿ ತಪ್ಪಿದೆ’ ಎಂದುಬಿಟ್ಟೆ.

‘ಏನ್ ತಪ್ಪು? ಕುಂಕುಮ ಅಂಟ್ಕಂಡೈತೆ ಅಷ್ಟೆಯ’ ಎಂದು ಅವರು ಉಜ್ಜಿದರು. ಗೆರೆ ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದರು. ಹೋಗಲಿಲ್ಲ. ‘ಗೀರು ಕಣ್ರೀ ಮೇಷ್ಟ್ರೇ. ನಾ ಮೂವತ್ತು ವರ್ಸದಿಂದ ನೋಡ್ತಾ ಇವ್ನಿ. ಇದು ನಿಮ್ಮ ಲೆಕ್ಕದ ಪುಸ್ತಕ ಅಲ್ಲ.’

ಲೆಕ್ಕದ ಪುಸ್ತಕದ ಮಾತು ಬಂದಮೇಲೆ ನಾನು ಹಿಂದೆಗೆಯುವವನಲ್ಲ. ‘ಬರೀ ಗೀರಾಗಿದ್ರೆ ಅದರ ಮೇಲಿನ ಕುಂಕುಮ ಬಟ್ಟೆಗೆ ಬರಬೇಕಿತ್ತು. ಇದು ಒಳಕ್ಕೆ ಇಳಿದಿದೆ. ನೀರು ಹಾಕಿ ನೋಡೋಣ’ ಎಂದೆ. ಅತ್ತೆಯೂ ಶಾರದೆಯೂ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಇನ್ನು ಸೋತರೆ ಆ ಮನೆಯಲ್ಲಿ ಜನ್ಮಪೂರ್ತಿ ತಲೆ ಎತ್ತುವಂತಿಲ್ಲ. ಮಾವ ಮುಖ ಗಂಟಿಕ್ಕಿಕೊಂಡು, ತೋಟಾದ ಹೊರಮೈ ಚೆನ್ನಾಗಿ ಒರೆಸಿ, ಒಳಗೆ ನೀರು ತುಂಬಿ, ಬಾಯಿಗೆ ಬೆರಳು ಒತ್ತಿ ಹಿಡಿದರು. ನಾಲ್ಕು ಜನ, ಎಂಟು ಕಣ್ಣು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಕೆಂಪು ಗೆರೆಯ ಮೇಲೆ ಸಾಸಿವೆ ಕಾಳಿನಷ್ಟು ನೀರು ಮೂಡಿ, ದಪ್ಪಗಾಗಿ, ಮಾವನ ಅಂಗೈಗೆ ಇಳಿಯಿತು.

ಮಾವ ನೀರು ಚೆಲ್ಲಿದರು. ಆ ತೋಟಾವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದರು. ‘ನನ್ನ ಕಣ್ಣು ಉಳಿಸಿದ್ರಿ ಮೇಷ್ಟ್ರೇ’ ಎಂದವರು ಬಾಗಿಲ ಕಡೆ ತಿರುಗಿ, ‘ಲೇ, ಅಳೀಂದ್ರಿಗೆ ಹೋಳಿಗೆ ಹಾಕೇ, ತುಪ್ಪ ಜಾಸ್ತಿ ಬಿಡು’ ಎಂದು ಕೂಗಿದರು. ಉಳಿದ ಹನ್ನೊಂದನ್ನೂ ನನ್ನ ಮುಂದೆಯೇ ತಂದಿಟ್ಟರು. ಒಂದೊಂದನ್ನೂ ತಿರುಗಿಸಿ ನೋಡಿ ನಾನು ‘ಹೂಂ’ ಎಂದಮೇಲೆಯೇ ಅವು ಪಾಸು. ಅಂಥ ಸಂತೋಷ ನನಗೆ ಕೆಲಸದ ಆರ್ಡರು ಬಂದ ದಿನವೂ ಆಗಿರಲಿಲ್ಲ.

ಹಿಂದಿರುಗುವಾಗ ಹಳೇಬೀಡು ದಾಟಿದರೂ ನನ್ನ ವರ್ಣನೆ ಮುಗಿದಿರಲಿಲ್ಲ. ಸ್ಕೂಟರಿನ ಹಿಂದಿನಿಂದ ಶಾರದೆ ಒಂದೇ ಒಂದು ಸಲ, ‘ಅಮ್ಮನ ಕುಂಕುಮ ಇಲ್ದಿದ್ರೆ ಕಾಣ್ತಿತ್ತೇ?’ ಎಂದಳು. ಗಾಳಿಯಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ಮುಂದುವರಿಸಿದೆ. ಬಾಣಾವರದಲ್ಲಿ ಟೀ ಕುಡಿಯಲು ನಿಂತಾಗ, ‘ಎಷ್ಟೇ ಸಣ್ಣ ಬಿರುಕಾಗಲಿ, ಈ ಕಣ್ಣಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ’ ಎಂದು ಎದೆಯುಬ್ಬಿಸಿದೆ.

ಶಾರದೆ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು ನನ್ನ ಮುಂದೆಯೇ ಹಿಡಿದಳು. ಕಿವಿಯ ಕಡ್ಡಿ ಸೇರುವ ಜಾಗದಲ್ಲಿ, ಫ್ರೇಮಿನ ಅಡ್ಡಕ್ಕೂ, ಕೂದಲೆಳೆಯಂಥ ಕೆಂಪು ಗೆರೆ. ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ. ಕಡ್ಡಿ ಕಿತ್ತು ಕೈಗೆ ಬಂತು.

‘ಗೌರಿ ಹಬ್ಬದಿಂದಲೂ ಈ ಬಿರುಕು ನೋಡ್ತಾ ಇದ್ದೆ’ ಎಂದಳು ಶಾರದೆ, ಟೀ ಊದಿಕೊಳ್ಳುತ್ತ. ‘ಮನೇಲಿ ತಪ್ಪು ಹುಡುಕೋರು ಒಬ್ಬರಿದ್ರೆ ಸಾಕು ಅಂತ ಸುಮ್ನಿದ್ದೆ.’